ಹುತ್ತ ಬಿಟ್ಟು ಕಟ್ಟಿದ ಒಡ್ಡು

ನಮ್ಮ ಊರಿನ ಮೇಲ್ಗಡೆ, ಹಳ್ಳಕ್ಕೆ ಅಡ್ಡಲಾಗಿ, ಒಂದು ಮಣ್ಣಿನ ಒಡ್ಡು ಇತ್ತು. ಈಗ ಅಲ್ಲಿ, ಮಕ್ಕಳೇ, ನೀವು ಆಡಲು ಹೋಗುವ ಎರಡು ದಿಬ್ಬಗಳು ಮಾತ್ರ ಉಳಿದಿವೆ. ದಿಬ್ಬಗಳ ಮೇಲೆ ಜಾಲಿ ಬೆಳೆದಿದೆ, ನಡುವೆ ಹಳ್ಳ ತನ್ನ ಪಾಡಿಗೆ ಹರಿಯುತ್ತದೆ. ಅವು ಹುಟ್ಟಿನಿಂದಲೇ ಬೇರೆ ಬೇರೆ ದಿಬ್ಬಗಳೆಂದು ನೀವು ತಿಳಿದಿದ್ದೀರಿ. ಅಲ್ಲ. ಅವೆರಡೂ ಒಂದೇ ಒಡ್ಡಿನ ತುದಿಗಳು. ನಡುವಿನದು ಹೋದ ದಿನ ನಾನು ಅಲ್ಲಿದ್ದೆ.

ನಾಲ್ಕು ಮಂದಿಯ ಮುಂದೆ ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ಮಠದ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮಂಗಳೂರಿನ ಹತ್ತಿರ. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಅಲ್ಲಿ ಬಯಲು, ಎರೆಹೊಲ. ಮಳೆ ಬಂದರೆ ಕೆಸರಾಗುತ್ತದೆ, ಅಷ್ಟೇ. ಮದುವೆಯಾಗಿ ಈ ಊರಿಗೆ ಬಂದಾಗ ನಿಜಾಮರ ಆಳ್ವಿಕೆ ಇತ್ತು. ಇಲ್ಲಿಯ ಹಳ್ಳ ನನಗೆ ಹೊಸದು. ಇರಕಲ್ಲಗಡದ ಕಡೆಯ ಕಲ್ಲುಗುಡ್ಡಗಳ ಮೇಲೆ ಮಳೆ ಬಿದ್ದರೆ ನಮ್ಮ ಊರಿನಲ್ಲಿ ಬಿಸಿಲಿರುವಾಗಲೇ ನೀರು ಬಂದುಬಿಡುತ್ತಿತ್ತು. ಕೆಳಗಿನ ಓಣಿಯ ಮನೆಗಳಲ್ಲಿ ಒಲೆಯ ಮುಂದೆ ಕೂತವರು ಎದ್ದು ಓಡಬೇಕಾಗುತ್ತಿತ್ತು. ನಮ್ಮದೂ ಕೆಳಗಿನ ಓಣಿಯೇ. ಮನೆಯ ಗೋಡೆಗಳ ಮೇಲೆ ನೀರು ನಿಂತ ಗೆರೆಗಳನ್ನು ಮೊದಲ ಸಲ ನೋಡಿದಾಗ ನಾನು ಅವನ್ನು ಸುಣ್ಣ ಬಳಿಯುವವರ ತಪ್ಪೆಂದುಕೊಂಡಿದ್ದೆ.

ಆ ನೀರನ್ನು ತಡೆಯಲು ಊರವರು ಒಡ್ಡು ಕಟ್ಟಲು ಹೊರಟರು. ಕೆರೆಯ ಹಾಗೆ ನೀರು ಕೂಡಿಸಿ ಗದ್ದೆಗೆ ಬಿಡುವುದಕ್ಕಲ್ಲ. ರಭಸದಿಂದ ಬಂದ ನೀರು ಅಲ್ಲಿ ನಿಂತು, ಸುಸ್ತಾಗಿ, ನಿಧಾನವಾಗಿ ಒಂದು ಪಕ್ಕದ ಕೋಡಿಯಿಂದ ಬೀಳುಭೂಮಿಗೆ ಹೋಗಲಿ ಎಂದು. ಕೊಪ್ಪಳದಿಂದ ಒಬ್ಬ ಸರ್ಕಾರಿ ಮೇಸ್ತ್ರಿ ಬಂದು ಹಗ್ಗ ಹಿಡಿದು, ಗೂಟ ಹೊಡೆದು ಗುರುತು ಮಾಡಿದ. ಆ ಗುರುತಿನ ನಟ್ಟನಡುವೆ ಒಂದು ಹುತ್ತ ಬಂತು.

ಹುತ್ತ ನನ್ನ ಎತ್ತರಕ್ಕಿಂತ ಎತ್ತರವಿತ್ತು. ಊರಿನ ಹೆಂಗಸರೆಲ್ಲ ನಾಗರಪಂಚಮಿಗೆ ಅಲ್ಲಿಗೇ ಹೋಗಿ ಹಾಲೆರೆಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅದಕ್ಕೆ ಅಂಟಿಕೊಂಡವಳು ನಮ್ಮ ಅತ್ತೆ. ಅದಕ್ಕೆ ಕಾರಣವಿತ್ತು. ಅತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ. ತಾವರಗೇರಾಕ್ಕೆ ಕೊಟ್ಟಿದ್ದರು. ಹಡೆದ ಕೂಸುಗಳು ಒಂದೂ ಉಳಿದಿರಲಿಲ್ಲ. ಗಂಡನ ಮನೆಯವರು ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದಿದ್ದರು. ಅತ್ತೆ ಆ ಹುತ್ತದ ಮುಂದೆ ಸೆರಗೊಡ್ಡಿ, ಮಗಳಿಗೆ ಒಂದು ಕೂಸು ಉಳಿಸಿಕೊಡು ಎಂದು ಬೇಡಿಕೊಂಡಿದ್ದಳು.

ಮೇಸ್ತ್ರಿ ಹುತ್ತವನ್ನು ಬೇರುಸಹಿತ ತೆಗೆಯಬೇಕು, ಒಳಗಿನ ಪೊಳ್ಳನ್ನೆಲ್ಲ ಅಗೆದು ಜಿಗಟು ಮಣ್ಣು ತುಂಬಬೇಕು ಎಂದ. ಮಾತು ಊರಿಗೆ ಮುಟ್ಟುವಷ್ಟರಲ್ಲಿ ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಹುತ್ತದ ಸುತ್ತ ಕೂತಿದ್ದಳು. ನಾನು ಎಲ್ಲರ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದೆ.

“ಅರೇ ಅವ್ವಾ, ಇದು ಸರ್ಕಾರಿ ನಕಾಶಿ. ನಡುವ ಹುತ್ತ ಬಿಟ್ರ ಒಡ್ಡು ಹೆಂಗ ನಿಲ್ತೈತಿ?” ಎಂದ ಮೇಸ್ತ್ರಿ.

“ನಿಮ್ಮ ಮನಿ ದೇವ್ರನ್ನ ಬೇರುಸಹಿತ ಕಿತ್ತು ತಿಪ್ಪ್ಯಾಗ ಹಾಕ್ತೀರೇನ್ರಿ?” ಎಂದಳು ಅತ್ತೆ.

ಗಂಡಸರು ನಕ್ಕರು. ಮೇಸ್ತ್ರಿ ನಗಲಿಲ್ಲ. “ನನ್ನ ಕೈಯಾಗ ಏನೂ ಇಲ್ಲ. ಗೌಡ್ರ, ನೀವು ಹೇಳ್ರಿ” ಎಂದು ಗೌಡರ ಕಡೆ ತಿರುಗಿದ.

ಗೌಡರು ಮೀಸೆ ತಿರುವುತ್ತ ಹುತ್ತವನ್ನೇ ನೋಡಿದರು. ಅವರಿಗೂ ಅಂಜಿಕೆ. “ಇರಲಿ ಬಿಡಪಾ. ನಾಗಪ್ಪ ಒಡ್ಡಿನ ಹೊಟ್ಟ್ಯಾಗ ಇದ್ರ ಒಡ್ಡನ್ನ ಅವನ ಕಾಯ್ತಾನ” ಎಂದರು. ಎಲ್ಲರಿಗೂ ಆ ಮಾತು ಹಿಡಿಸಿತು. ಮೇಸ್ತ್ರಿ ತನ್ನ ಹಗ್ಗ ಸುತ್ತಿಕೊಂಡ. ಅವನಿಗೂ ಮನೆಯಲ್ಲಿ ಮಕ್ಕಳಿದ್ದರು ಎಂದು ಕಾಣುತ್ತದೆ.

ಹಾಗಾಗಿ ಹುತ್ತವನ್ನು ಒಳಗೆ ಬಿಟ್ಟು ಒಡ್ಡು ಮೇಲೆದ್ದಿತು. ಬುಟ್ಟಿ ಬುಟ್ಟಿ ಮಣ್ಣು ಹಾಕುವುದು, ನೀರು ಚಿಮುಕಿಸುವುದು, ಮೇಲೆ ಕುರಿಹಿಂಡು ಓಡಿಸಿ ತುಳಿಸುವುದು. ಕುರಿಗಳ ಸಣ್ಣ ಗೊರಸು ಮಣ್ಣನ್ನು ಕಲ್ಲಿನಂತೆ ಗಟ್ಟಿ ಮಾಡುತ್ತದೆ, ಬಂಡಿ ಹೋದರೂ ಗುರುತು ಬೀಳುವುದಿಲ್ಲ. ಆದರೆ ಹುತ್ತದ ಹತ್ತಿರ ಬಂದ ಕೂಡಲೇ ಕುರುಬರು ಹಿಂಡನ್ನು ತಿರುಗಿಸಿಬಿಡುತ್ತಿದ್ದರು. ದೇವರ ಮೈಮೇಲೆ ಕುರಿ ಹತ್ತಿಸುವುದುಂಟೇ? ಅಲ್ಲಿನ ಮಣ್ಣನ್ನು ನಾವು ಹೆಂಗಸರೇ, ಸ್ನಾನ ಮಾಡಿ, ಮಡಿಯಿಂದ, ಅಂಗೈಯಲ್ಲಿ ಬಡಿದು ಬಡಿದು ಕೂಡಿಸಿದೆವು. ರೊಟ್ಟಿ ಬಡಿಯುವ ಹಾಗೆ. ಕೊನೆಗೆ ಹುತ್ತದ ತುದಿ ಮಾತ್ರ ಒಡ್ಡಿನ ನೆತ್ತಿಯ ಮೇಲೆ, ಅರಿಶಿನ ಹಚ್ಚಿಕೊಂಡು, ಬಾಯಿ ತೆರೆದುಕೊಂಡು ನಿಂತಿತು. ಎಷ್ಟು ಚಂದ ಕಾಣುತ್ತಿತ್ತು ಎಂದರೆ ಸುತ್ತಿನ ಊರವರು ಬಂದು ನೋಡಿ ಹೋಗುತ್ತಿದ್ದರು.

ಆ ಬೇಸಿಗೆಗೇ ನಾದಿನಿ ತುಂಬಿದ ಬಸುರಿಯಾಗಿ ತವರಿಗೆ ಬಂದಳು. ಮಳೆಗಾಲ ಹಿಡಿದ ಮೇಲೆ ಹಡೆದಳು. ಗಂಡು ಕೂಸು, ಅತ್ತರೆ ಓಣಿಗೆಲ್ಲ ಕೇಳುವಷ್ಟು ಗಟ್ಟಿ ಗಂಟಲು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೋಡಲು ಬಂದವರಿಗೆಲ್ಲ, “ನಂದಲ್ಲವಾ, ಒಡ್ಡಿನ ನಾಗಪ್ಪ ಕೊಟ್ಟದ್ದು” ಎನ್ನುತ್ತಿದ್ದಳು. ಬಾಣಂತಿಯನ್ನು ಒಳಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದಳು. ಗಾಳಿ ಸೋಕಬಾರದು, ಹೊಸಿಲು ದಾಟಬಾರದು. ಮಗಳು ಹಿತ್ತಲಿಗೆ ಹೋಗಬೇಕಾದರೂ ಅತ್ತೆ ಹಿಂದೆ ಮುಂದೆ ನೋಡಿ, ಕಿವಿಗೆ ಬಟ್ಟೆ ಕಟ್ಟಿ ಕಳಿಸುತ್ತಿದ್ದಳು.

ಪಂಚಮಿ ಬಂತು. ಗುಡ್ಡದ ಕಡೆ ಮಳೆ ಜೋರಾಗಿ ಬಿದ್ದು ಒಡ್ಡಿನಲ್ಲಿ ನೀರು ಕೋಡಿಯ ಕಲ್ಲಿನ ಹತ್ತಿರದವರೆಗೆ ಏರಿತ್ತು. ಆ ದಿನ ಮಾತ್ರ ಮೋಡವೇ ಇಲ್ಲ. ಎಳೆಬಿಸಿಲು. ನಮ್ಮ ಕಡೆ ಪಂಚಮಿಯ ದಿನ ಯಾರೂ ನೆಲ ಅಗೆಯುವುದಿಲ್ಲ. ಹೊಲಕ್ಕೆ ಕುಂಟೆ ಕಟ್ಟುವುದಿಲ್ಲ, ಗುದ್ದಲಿ ಮುಟ್ಟುವುದಿಲ್ಲ. ನೆಲದೊಳಗಿನ ಹಾವಿಗೆ ಏಟು ತಾಗೀತು ಎಂಬ ಅಂಜಿಕೆ. ಅತ್ತೆಯಂತೂ ಅಂದು ನನಗೆ ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆಯುವುದಕ್ಕೂ ಬಿಡಲಿಲ್ಲ.

ನಾದಿನಿ ಮತ್ತು ಕೂಸನ್ನು ಮನೆಯಲ್ಲಿ ಬಿಟ್ಟು, ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಒಡ್ಡಿಗೆ ಹೋದೆವು. ಗಂಡಸರು ಕೋಡಿಯ ಪಕ್ಕದ ಬಯಲಿನಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ ಹೂಡಿದ್ದರು. ಅವರ ಕೇಕೆ ನಮಗೆ ಕೇಳುತ್ತಿತ್ತು. ನಾವು ಒಬ್ಬೊಬ್ಬರೇ ಹುತ್ತದ ಬಾಯಿಗೆ ಹಾಲೆರೆದೆವು. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಮಿಳ್ಳೆ. ಅತ್ತೆ, “ಬಾಣಂತಿ ಪಾಲು, ಕೂಸಿನ ಪಾಲು” ಎಂದು ಎರಡು ಮಿಳ್ಳೆ ಹೆಚ್ಚು ಎರೆದಳು.

ಪ್ರತಿವರ್ಷ ಹುತ್ತದ ಬಾಯಿ ಸ್ವಲ್ಪದರಲ್ಲೇ ತುಂಬಿ ಹಾಲು ಹೊರಗೆ ಹರಿಯುತ್ತಿತ್ತಂತೆ. ಈ ಸಲ ಎರೆದಷ್ಟೂ ಒಳಗೆ ಹೋಯಿತು. ತಂಬಿಗೆಗಳು ಬರಿದಾದವು. ಗೌಡರ ಮನೆಯಿಂದ ತಂದಿದ್ದ ದೊಡ್ಡ ಕೊಡದ ಹಾಲೂ ಹೋಯಿತು.

“ಕುಡದ ನೋಡ್ರವಾ! ಗಟಗಟ ಕುಡದ!” ಎಂದಳು ಗೌಡರ ಹೆಂಡತಿ.

“ಅವನೂ ಬಾಣಂತನ ಮಾಡಿ ದಣದಾನಬೇ” ಎಂದು ಇನ್ನೊಬ್ಬಳು ಅತ್ತೆಯನ್ನು ಚೇಷ್ಟೆ ಮಾಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆಯ ಕಣ್ಣಲ್ಲಿ ನೀರು.

ಆಮೇಲೆ ಉಂಡಿ ತಿನ್ನಲೆಂದು ಅತ್ತೆ ಮತ್ತು ನಾನು ಒಡ್ಡಿನ ಒಣ ಮಗ್ಗುಲಿಗೆ, ಊರಿನ ಕಡೆಯ ಇಳಿಜಾರಿಗೆ ಇಳಿದೆವು. ಬುಡದಲ್ಲಿ, ಹುಲ್ಲಿನ ನಡುವೆ, ನೀರು ಜಿನುಗುತ್ತಿತ್ತು. ಜಿನುಗುತ್ತಿತ್ತು ಎಂದರೆ ತಪ್ಪು, ಸಣ್ಣ ಬುಗ್ಗೆಯಂತೆ ಪುಟಿಯುತ್ತಿತ್ತು. ಮಣ್ಣಿನ ಬಣ್ಣದ ನೀರು. ಅದರಲ್ಲಿ ಎಳೆ ಎಳೆಯಾಗಿ ಬಿಳುಪು ಸುತ್ತಿಕೊಂಡು ಹೋಗುತ್ತಿತ್ತು. ಅತ್ತೆ ಬಗ್ಗಿ ಬೆರಳು ಅದ್ದಿ ಮೂಸಿದಳು. ಮತ್ತೊಮ್ಮೆ ಮೂಸಿದಳು.

“ಹಾಲು” ಎಂದಳು.

ನಾನು ಇದೇನೋ ಪವಾಡವೆಂದು ಕೈಮುಗಿಯಲು ಹೋದೆ. ಅತ್ತೆ ನನ್ನ ಕೈ ಹಿಡಿದು ಕೆಳಗೆ ಎಳೆದಳು. ಆಕೆಯ ಮುಖದ ಬಣ್ಣವೇ ಹೋಗಿತ್ತು. “ಮ್ಯಾಲ ಹಾಕಿದ್ದು ಕೆಳಗ ಬರಾಕತ್ತೈತಿ. ಹಾಲು ಹೋದ ದಾರ್ಯಾಗ ಆ ನೀರು ಹೋಗದಂಗ ಇರ್ತೈತೇನ?” ಎಂದಳು. ನಾವು ನೋಡುತ್ತಿದ್ದಂತೆಯೇ ಬುಗ್ಗೆಯ ಬಾಯಿಂದ ಒಂದು ಹೆಂಟೆ ಮಣ್ಣು ಕಳಚಿ ತೇಲಿಹೋಯಿತು.

ಅತ್ತೆ ಸೀರೆ ಎತ್ತಿ ಕಟ್ಟಿ ಗಂಡಸರಿದ್ದಲ್ಲಿಗೆ ಓಡಿದಳು. ನಾನು ಹಿಂದೆ. ಆಕೆ ಗಂಡಸರ ನಡುವೆ ನುಗ್ಗಿ, “ಗೌಡ್ರ, ಕೋಡಿ ಅಗೀರಿ! ನೀರು ಆ ಕಡೆ ಬಿಡ್ರಿ, ಒಡ್ಡು ಒಳಗಿಂದ ಕೊರಕೊಂಡು ಹೊಂಟೈತಿ!” ಎಂದು ಕೂಗಿದಳು.

ಪಂದ್ಯ ನಿಂತಿತು. ಗೌಡರು ಬಂದು ಬುಗ್ಗೆ ನೋಡಿದರು. ನೋಡಿ ಹಿಂದೆ ಸರಿದರು. “ಇವತ್ತ ನೆಲ ಅಗಿಯೂದು ಹೆಂಗ? ನಾಳೆ ಹೊತ್ತು ಹೊಂಡಲಿ, ಮಂದಿ ಹಚ್ಚೂಣು” ಎಂದರು.

“ನಾಳೆ ತನಕ ಕೆಳಗಿನ ಓಣಿ ಇರಬೇಕಲ್ರಿ!”

“ಹಾಲು ಕುಡದು ಪ್ರಸಾದ ಕೊಟ್ಟಾನ, ಇಕಿ ನೋಡಿದ್ರ ಹಿಂಗ ಒದರ್ತಾಳ” ಎಂದಳು ಗೌಡರ ಹೆಂಡತಿ.

ನಮ್ಮ ಮಾವ ಎಲ್ಲರೆದುರು ನಾಚಿಕೆಯಿಂದ ಕುಗ್ಗಿ, “ಏ, ನಿನಗೇನ ಹುಚ್ಚು ಹಿಡದೈತೇನ? ನಡಿ ಮನಿಗೆ” ಎಂದು ಗದರಿದರು.

ಒಡ್ಡಿನ ಕಾವಲಿಗೆ ಒಬ್ಬ ಮುಸಲ್ಮಾನ ಮುದುಕ ಇದ್ದ. ಊರೆಲ್ಲ ಅವನನ್ನು ಚಾಚಾ ಎಂದೇ ಕರೆಯುತ್ತಿತ್ತು. ಕೋಡಿಯ ಪಕ್ಕದ ಅವನ ಗುಡಿಸಲ ಮುಂದೆ ಗುದ್ದಲಿ, ಸಲಿಕೆ ಒರಗಿದ್ದವು. ಅತ್ತೆ ಅವನ ಕಡೆ ತಿರುಗಿದಳು. “ಚಾಚಾ, ನಿನಗ ಪಂಚಮಿ ಇಲ್ಲಲ್ಲ. ನೀ ಅಗಿ.”

ಚಾಚಾ ಎರಡೂ ಕೈ ಜೋಡಿಸಿದ. “ಯವ್ವಾ, ನಾ ಮೊದಲ ಏಟು ಹಾಕಿದ್ರ, ನಾಳೆ ಊರಾಗ ಯಾವನಿಗೆ ಜ್ವರ ಬಂದ್ರೂ ನನ್ನ ಕೊರಳಿಗೆ ಬರ್ತೈತಿ. ನೀ ಒಂದ ಏಟು ಹಾಕು. ಮುಂದಿಂದು ನಾ ಮುಗಸ್ತೀನಿ.”

ಅತ್ತೆ ನಿಂತಳು. ಆಕೆಯ ತುಟಿ ಅಲ್ಲಾಡುತ್ತಿತ್ತು. ಏನೆಂದುಕೊಂಡಳೋ ಗೊತ್ತಿಲ್ಲ. ಆಮೇಲೆ ನನ್ನ ಕಡೆ ನೋಡಿ, “ನೀ ಓಡು. ಅಕಿನ್ನ, ಕೂಸನ್ನ ಕರಕೊಂಡು ಹುಡೇವಿಗೆ ಹತ್ತು. ಓಣ್ಯಾಗೆಲ್ಲ ಒದರಿಕೋತ ಹೋಗು” ಎಂದಳು. ನಾನು ತಿರುಗುವ ಮುಂಚೆಯೇ ಗುದ್ದಲಿ ಎತ್ತಿ, ಕೋಡಿಯ ಕಲ್ಲಿನ ಪಕ್ಕದ ಮಣ್ಣಿಗೆ ಹಾಕಿದಳು.

ಆ ಸದ್ದು ಇಂದಿಗೂ ನನ್ನ ಎದೆಯಲ್ಲಿದೆ. ಒಬ್ಬ ಹೆಂಗಸು ಗುದ್ದಲಿ ಹಾಕಿದ ಸದ್ದು, ಅಷ್ಟೇ. ಆದರೆ ಅಲ್ಲಿದ್ದವರೆಲ್ಲ ತಮಗೇ ಏಟು ಬಿದ್ದಂತೆ ಮುಖ ತಿರುಗಿಸಿದರು. ಕೆಲವು ಹೆಂಗಸರು ಕಿವಿ ಮುಚ್ಚಿಕೊಂಡರು. ಅಂಗಳದಲ್ಲಿ ಒಂದು ಗೆರೆ ಎಳೆಯಲು ಬಿಡದಿದ್ದ ಅತ್ತೆಯೇ ಇವಳು ಎಂದು ನನಗೆ ನಂಬಲಾಗಲಿಲ್ಲ.

ನಾನು ಓಡಿದೆ. ಮದುವೆಯಾಗಿ ಬಂದಂದಿನಿಂದ ಆ ಓಣಿಯಲ್ಲಿ ನನ್ನ ದನಿಯನ್ನು ಯಾರೂ ಕೇಳಿರಲಿಲ್ಲ. ಒದರಬೇಕೆಂದು ಬಾಯಿ ತೆರೆದರೆ ಬರೀ ಗಾಳಿ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಹುಡುಗಿಯರು ಜೀಕುತ್ತಿದ್ದರು. ಅಲ್ಲಿ ನನ್ನ ಗಂಟಲು ಬಿಟ್ಟಿತು. “ಒಡ್ಡು ಒಡೀತೈತಿ! ಏಳ್ರಿ! ಹುಡೇವಿಗೆ ನಡೀರಿ!”

“ಅಯ್ಯ, ಮೂಕವ್ವಗ ಮಾತು ಬಂತು!” ಎಂದು ಜೋಕಾಲಿಯ ಮೇಲಿಂದ ಒಬ್ಬಳು ನಕ್ಕಳು. ಅವಳ ಅಜ್ಜಿ ಮಾತ್ರ ನನ್ನ ಮುಖ ನೋಡಿ ಏನೂ ಕೇಳದೆ ಎದ್ದು, ಹುಡುಗಿಯನ್ನು ಕೂದಲು ಹಿಡಿದು ಇಳಿಸಿದಳು. ಅದನ್ನು ನೋಡಿ ಉಳಿದವರೂ ಎದ್ದರು.

ಮನೆಯೊಳಗೆ ಹೊಗೆ, ಲೋಬಾನದ ವಾಸನೆ. ನಾದಿನಿ ಕೂಸಿಗೆ ಮೊಲೆ ಕೊಡುತ್ತಿದ್ದಳು.

“ಏಳು, ಹೊರಗ ನಡಿ. ಒಡ್ಡು ಒಡೀತೈತಿ.”

“ಅವ್ವ ಹೊಸಿಲು ದಾಟಬ್ಯಾಡ ಅಂದಾಳ, ಅತ್ತಿಗಿ. ಗಾಳಿ ಆಗ್ತೈತಿ. ಹೋದ ಸಲನೂ ಹಿಂಗ ಒಂಚೂರು ಗಾಳಿಗೆ ಕೂಸು…” ಎಂದು ಅವಳು ಕೂಸನ್ನು ಇನ್ನೂ ಒಳಗೆ ಅವುಚಿಕೊಂಡಳು. ನಾನು ಕೈ ಹಿಡಿದು ಎಳೆದರೆ ಅವಳು ಹೊರಸಿನ ಕಾಲು ಹಿಡಿದುಕೊಂಡಳು.

“ಅವ್ವನ ಕಳಿಸ್ಯಾಳ” ಎಂದೆ. “ಅಕಿ ಗುದ್ದಲಿ ಹಿಡದಾಳ.”

“ಯಾರು?”

“ನಿಮ್ಮವ್ವ. ಕೋಡಿ ಅಗಿಯಾಕತ್ತಾಳ.”

ನಾದಿನಿ ನನ್ನನ್ನು ನೋಡಿದಳು. ಕೂಸನ್ನು ಸೆರಗಿನಲ್ಲಿ ಸುತ್ತಿ, ಬರಿಗಾಲಲ್ಲಿ ಹೊಸಿಲು ದಾಟಿದಳು. ತನ್ನ ತಾಯಿ ಪಂಚಮಿಯ ದಿನ ಗುದ್ದಲಿ ಹಿಡಿದಿದ್ದಾಳೆ ಎಂದರೆ ಇನ್ನು ಏನು ಬೇಕಾದರೂ ಆಗಬಹುದು ಎಂದು ಅವಳಿಗೆ ಗೊತ್ತಾಗಿತ್ತು.

ಹುಡೇವು ಎಂದರೆ ಊರ ನಡುವಿನ ದಿಬ್ಬದ ಮೇಲೆ ಹಿಂದಿನವರು ಕಟ್ಟಿದ ಕಲ್ಲಿನ ದುಂಡು ಬುರುಜು. ಓಣಿಯ ಮುದುಕರು, ಮಕ್ಕಳು, ಕೈಗೆ ಸಿಕ್ಕ ಆಡುಕುರಿ, ಎಲ್ಲ ಅದರ ಮೇಲೆ ಸೇರಿದೆವು. ಅಲ್ಲಿಂದ ಒಡ್ಡು ಪೂರ್ತಿ ಕಾಣುತ್ತಿತ್ತು. ಒಂದು ತುದಿಯಲ್ಲಿ ಕೋಡಿಯಿಂದ ನೀರು ಬೀಳುಭೂಮಿಗೆ ಬಿಳಿಯಾಗಿ ಧುಮುಕುತ್ತಿತ್ತು. ಅತ್ತೆ ಮತ್ತು ಚಾಚಾ ಬಗ್ಗಿ ಏಳುವುದು ಚುಕ್ಕೆಗಳಂತೆ ಕಾಣುತ್ತಿತ್ತು. ಉಳಿದವರು ದೂರ ನಿಂತಿದ್ದರು. ಆಮೇಲೆ ಇನ್ನೊಂದು ಚುಕ್ಕೆ ಸಲಿಕೆ ಹಿಡಿದು ಅವರ ಕಡೆ ಹೋಯಿತು. ಅದು ನಮ್ಮ ಮಾವ ಎಂದು ಆಮೇಲೆ ತಿಳಿಯಿತು.

ನೀರು ಇಳಿಯುತ್ತಿದೆ, ಇನ್ನು ಅಂಜಿಕೆ ಇಲ್ಲ ಎಂದು ಯಾರೋ ಅಂದರು. ಅಷ್ಟರಲ್ಲೇ ಹುತ್ತ ಕೆಳಗೆ ಹೋಯಿತು.

ವಾಲಲಿಲ್ಲ, ಬೀಳಲಿಲ್ಲ. ಅರಿಶಿನ ಹಚ್ಚಿದ ಆ ತುದಿ, ಕೆಳಗಿನಿಂದ ಯಾರೋ ಕಾಲು ಹಿಡಿದು ಎಳೆದುಕೊಂಡ ಹಾಗೆ, ನೆಟ್ಟಗೆ ಒಳಗೆ ಇಳಿಯಿತು. ಅದು ಇದ್ದ ಜಾಗದಲ್ಲಿ ಆಕಾಶ ಕಂಡಿತು. ಒಂದು ಕ್ಷಣ ಏನೂ ಇಲ್ಲ, ಸದ್ದೂ ಇಲ್ಲ. ಆಮೇಲೆ ಒಡ್ಡಿನ ನಡು ಬಾಯಿ ತೆರೆಯಿತು.

ನೀರು ಕೆಳಗಿನ ಓಣಿಗೆ ಬಂದಾಗ ಅದರ ಮುಂದೆ ಗಾಳಿ ಬಂತು, ದೂಳು ಬಂತು. ಜೋಕಾಲಿಯ ಹಗ್ಗ ತನ್ನಷ್ಟಕ್ಕೆ ತಾನೇ ಒಂದು ಸಲ ಜೀಕಿ ನೀರಿನಲ್ಲಿ ಮಲಗಿತು. ನಮ್ಮ ಮನೆಯ ಮಣ್ಣಿನ ಮಾಳಿಗೆ ಮುದುಕರು ಕೂರುವ ಹಾಗೆ ಮೆಲ್ಲಗೆ ಕೂತುಬಿಟ್ಟಿತು. ನಾದಿನಿ ಮಲಗಿದ್ದ ಒಳಕೋಣೆಯ ಮೇಲೆಯೇ. ಹೊಗೆ ಒಂದು ಸಲ ಮೇಲೆದ್ದು ನಿಂತಿತು. ನಾದಿನಿ ಅದನ್ನು ನೋಡುತ್ತ ನಿಂತಿದ್ದಳು.

ನೀರು ಕೋಡಿಯಿಂದ ಅಷ್ಟು ಹೋಗಿರದಿದ್ದರೆ ಹುಡೇವಿನ ಬುಡವೂ ಉಳಿಯುತ್ತಿರಲಿಲ್ಲ. ದನಗಳು ಹೋದವು. ಮನೆಗಳು ಹೋದವು. ಮನುಷ್ಯರು ಉಳಿದರು.

ಅತ್ತೆ ಒಡೆದ ಕಂದಕದ ಆಚೆ ಸಿಕ್ಕಿಕೊಂಡಿದ್ದಳು. ಆಕೆಗೆ ನಮ್ಮ ಮನೆಯ ಮಾಳಿಗೆ ಕೂತದ್ದು ಕಂಡಿತ್ತು. ಒಳಗೆ ಯಾರಿದ್ದಾರೋ ಇಲ್ಲವೋ ತಿಳಿಯದು. ಆಕೆ ಹುಡೇವಿನ ಎದುರಿನವರೆಗೂ ಬಂದು, ದಂಡೆಯ ಮೇಲೆ ಆ ಕಡೆ ಈ ಕಡೆ ಓಡುತ್ತಿದ್ದಳು. ಆಗ ನಾದಿನಿ ಸೆರಗು ಬಿಚ್ಚಿ, ಗಾಳಿ ಬಿಸಿಲು ಯಾವುದನ್ನೂ ನೋಡದೆ, ಕೂಸನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಳು. ಕೂಸು ಅಳುತ್ತ ಕೈಕಾಲು ಬಡಿಯುತ್ತಿತ್ತು. ಅದು ನಿಮ್ಮ ಅಪ್ಪ, ಮಕ್ಕಳೇ. ಮುಂದೆ ನನ್ನ ಮಗಳನ್ನು ಮದುವೆಯಾಗಿ ನನ್ನ ಅಳಿಯನಾದವನು.

ಅತ್ತೆಗೆ ಕಂಡಿತು. ಓಡುತ್ತಿದ್ದವಳು ನಿಂತು, ಇದ್ದಲ್ಲೇ ಕುಸಿದು ಕೂತಳು.

ಹೊತ್ತು ಇಳಿದ ಮೇಲೆ ನೀರು ತಗ್ಗಿತು. ಅತ್ತೆ, ಮಾವ ಸುತ್ತು ಹಾಕಿಕೊಂಡು ಬಂದರು. ಮನೆ ಕಳೆದುಕೊಂಡವರಿಗೆಲ್ಲ ಊರ ಮಠದ ಪಡಸಾಲೆಯಲ್ಲಿ ಜಾಗ ಕೊಟ್ಟಿದ್ದರು. ಅತ್ತೆ ಕೂಸನ್ನು ಎತ್ತಿಕೊಂಡು ಅಳುತ್ತಾಳೆ ಎಂದು ನಾನು ಕಾದಿದ್ದೆ. ಆಕೆ ಕಂಬದ ಹತ್ತಿರವೇ ನಿಂತಳು. ಮೈತುಂಬ ಕೆಸರು. ಅಷ್ಟರಲ್ಲಿ ಗೌಡರ ಹೆಂಡತಿ ಪಡಸಾಲೆಯ ಕೆಳಗೆ ನಿಂತು ಹೇಳಿದ ಮಾತು ಎಲ್ಲರಿಗೂ ಕೇಳಿಸಿತು.

“ಹಾಲು ಕುಡದು ತಣ್ಣಗ ಇದ್ದ. ಇಕಿ ಗುದ್ದಲಿ ಹಾಕಿದ್ಲು, ಅವ ಎದ್ದು ಹೋದ. ನಾವೆಲ್ಲಾ ಕಣ್ಣಾರೆ ನೋಡೇವಿ.”

ಯಾರೂ ಅಲ್ಲ ಎನ್ನಲಿಲ್ಲ. ಮೊದಲು ಗುದ್ದಲಿ ಬಿದ್ದದ್ದು, ಆಮೇಲೆ ಹುತ್ತ ಇಳಿದದ್ದು, ಎಲ್ಲರೂ ನೋಡಿದ್ದು ಹಾಗೆಯೇ. ನಾನು ಬುಗ್ಗೆಯ ಮಾತು ಎತ್ತಿದೆ. “ನೀ ಸುಮ್ಮನಿರಬೇ, ಹೊಸಾಕಿ” ಎಂದರು. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ. ನನ್ನನ್ನು ದಂಗುಬಡಿಸಿದ್ದು ಬೇರೆ. ಅತ್ತೆ ತಲೆ ಅಲ್ಲಾಡಿಸಿ, “ಹೌದು, ನಾನ ಒಡದೆ” ಎಂದಳು.

ಬೆರಳು ಅದ್ದಿ ಹಾಲು ಮೂಸಿದವಳು ಆಕೆಯೇ. ಮೇಲೆ ಹಾಕಿದ್ದು ಕೆಳಗೆ ಬರುತ್ತಿದೆ ಎಂದವಳು ಆಕೆಯೇ. ಅವಳು ಅಗೆಯದಿದ್ದರೆ ನಾವು ಯಾರೂ ಇರುತ್ತಿರಲಿಲ್ಲ. ಅಷ್ಟೆಲ್ಲ ಗೊತ್ತಿದ್ದೂ ಸಂಜೆಯ ಹೊತ್ತಿಗೆ ಅವಳ ತಲೆಯೊಳಗೆ ಎಲ್ಲ ತಿರುಗಿ ಕೂತಿತ್ತು. ನಾನು ಆಕೆಯ ಕಾಲ ಹತ್ತಿರ ಕೂತು, “ಅತ್ತಿ, ನೀವ ಹೇಳಿದ್ರಲ್ಲ, ಒಳಗಿಂದ ಕೊರದಿತ್ತು ಅಂತ” ಎಂದೆ. “ಅವಾಗ ಹಂಗ ಅನಿಸಿತು” ಎಂದಳು. ಅಷ್ಟೇ.

ಅಂದಿನಿಂದ ಆಕೆ ಕೂಸನ್ನು ಮುಟ್ಟಲಿಲ್ಲ. ಅದು ಅತ್ತರೆ ನನ್ನನ್ನು ಕರೆಯುತ್ತಿದ್ದಳು. ಬಿಸಿನೀರು ಕಾಯಿಸಿ ಕೊಡುವಳು, ಎರೆಯಲು ಬರುವುದಿಲ್ಲ. ಕೊಟ್ಟವನ ಮೇಲೆ ಗುದ್ದಲಿ ಎತ್ತಿದ ಕೈ, ಆ ಕೈಯಿಂದ ಮುಟ್ಟಿದರೆ ಅವನು ಕೊಟ್ಟದ್ದನ್ನು ತಿರುಗಿ ಒಯ್ಯುತ್ತಾನೆ ಎಂದು ಆಕೆಯ ಅಂಜಿಕೆ. ಹಾವು ಬಂದಿದೆಯೇ ಎಂದು ಹಗಲೂ ಪಡಸಾಲೆಯ ಮೂಲೆಗಳನ್ನು ಕೋಲಿನಿಂದ ತಟ್ಟಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಕೂಸು ಹೊಟ್ಟೆನೋವಿನಿಂದ ಬಿಡದೆ ಅಳುತ್ತಿತ್ತು. ನಾನು ನೀರಿಗೆ ಹೋಗಿ ಆಗಷ್ಟೇ ಬಂದಿದ್ದೆ, ಕೊಡ ಇನ್ನೂ ತಲೆಯ ಮೇಲಿತ್ತು. ನಾದಿನಿ ಎದ್ದು, ತಾಯಿಯ ಮುಂದೆ ನಿಂತಳು.

“ಎತ್ತಿಕೋ.”

“ಬ್ಯಾಡಬೇ. ನನ್ನ ಕೈ ಛಲೋ ಅಲ್ಲ.”

“ನಿನ್ನ ಕೈ ಇಲ್ಲದಿದ್ರ ಇದು ಮಾಳಿಗಿ ಮಣ್ಣಾಗ ಇರ್ತಿತ್ತು. ನಾನೂ ಇರ್ತಿದ್ದೆ. ಹಾವು ಬಂದ್ರ ಬರಲಿ, ಮೊದಲ ನನ್ನ ಕೇಳಿ ಒಯ್ಯಲಿ. ಹಡದಾಕಿ ನಾನು.”

ಅವಳು ಕೂಸನ್ನು ತಾಯಿಯ ಮಡಿಲಿಗೆ ಹಾಕಿಯೇ ಬಿಟ್ಟಳು. ಹಾಕಿ, ತಿರುಗಿ ನೋಡದೆ ಹಿತ್ತಲಿಗೆ ನಡೆದಳು. ಅತ್ತೆಯ ಕೈಗಳು ಮೇಲೆ ಎತ್ತಿದ್ದವು ಎತ್ತಿದ ಹಾಗೆಯೇ ನಿಂತವು. ಕೂಸು ಮಡಿಲಿನಿಂದ ಜಾರಲು ಹತ್ತಿತು. ಆಗ ಆ ಕೈಗಳು ತಾವಾಗಿಯೇ ಇಳಿದು ಅದನ್ನು ಹಿಡಿದವು. ಮೊಣಕಾಲ ಮೇಲೆ ಬೋರಲು ಮಲಗಿಸಿ, ಬೆನ್ನು ತಟ್ಟಿದವು. ಕೂಸು ಒಂದು ಸಲ ತೇಗಿ ಸುಮ್ಮನಾಯಿತು.

ನಾನು ಕೊಡ ಇಳಿಸುವುದನ್ನೂ ಮರೆತು ನೋಡುತ್ತಿದ್ದೆ. ಅತ್ತೆ ಕೂಸಿನ ಮುಖ ನೋಡಲಿಲ್ಲ. ಕೈ ಅದರ ಬೆನ್ನಿನ ಮೇಲೆ ಆಡುತ್ತಿತ್ತು, ಕಣ್ಣು ಪಡಸಾಲೆಯ ಬಾಗಿಲಿನ ಹೊಸಿಲ ಮೇಲೆ ನೆಟ್ಟಿತ್ತು. ರೆಪ್ಪೆ ಬಡಿಯದೆ, ಈಗ ಬಂತು, ಇನ್ನೇನು ಬಂತು ಎಂದು ಕಾಯುವವರ ಹಾಗೆ. ನಾದಿನಿ ತಿರುಗಿ ಬಂದು ಕೂಸನ್ನು ಕೇಳಿದಾಗ ಆಕೆ ಕೊಡಲಿಲ್ಲ.